ರೋಲ್ ಬೆಂಡಿಂಗ್ ಸೆಟ್ ಮಾಡೋದು ಹೆಂಗೆ: ತಗಡಿನ ಅಲೆ ಓದೋದ್ರಿಂದ ಹಿಡಿದು ಚಾಕ್ ಬಿಚ್ಚೋವರೆಗೆ

ದಾವಣಗೆರೆ ಪಿ.ಬಿ. ರೋಡ್ ಪಕ್ಕ ನಮ್ಮ ಪರಿಚಯದೋರು ಒಬ್ರು ಬೀರು ಮಾಡೋ ಅಂಗಡಿ ಇಟ್ಕೊಂಡಿದಾರೆ, ನಮ್ಮ ತಮ್ಮನ ಮಗ ಡಿಪ್ಲೊಮಾ ಮೆಕ್ಯಾನಿಕಲ್ ಓದೋನು ರಜೆಲಿ ಅಲ್ಲಿಗೆ ಕೆಲಸ ಕಲಿಯೋಕೆ ಹೋಗ್ತಾನೆ. ಮೊನ್ನೆ ಫೋನ್ ಮಾಡಿ "ದೊಡ್ಡಪ್ಪ, ಹೊಸಾ ತಗಡು ಬಂದೈತಿ, ಟೇಬಲ್ ಮ್ಯಾಲೆ ನೆಟ್ಟಗೆ ಕೂರವಲ್ದು, ಎರಡೂ ಅಂಚು ಲಂಗದ ನೆರಿಗೆ ಆದಂಗೆ ಆಗ್ಯಾವ" ಅಂದ. ಹೋಗಿ ನೋಡಿದೆ. ನಡುವೆ ಸಪಾಟು, ಎರಡೂ ಕಡೆ ಅಂಚಲ್ಲಿ ಸಣ್ಣ ಸಣ್ಣ ಅಲೆ, ಬೆರಳಲ್ಲಿ ಒತ್ತಿದ್ರೆ ಟಕ್ ಅಂತ ಒಳಗೆ ಹೋಗಿ ಪಕ್ಕದಲ್ಲಿ ಏಳ್ತೈತೆ. ಅಂಗಡಿಯೋರು ಲಾರಿಯವನ ಮೇಲೆ ಸಿಟ್ಟಾಗಿದ್ರು, ಪಾಪ ಅವನದೇನೂ ತಪ್ಪಿಲ್ಲ, ಈ ತಗಡು ಮಿಲ್ಲಿಂದ ಹೊರಗೆ ಬರುವಾಗಲೇ ಹಿಂಗಿತ್ತು, ಅಲ್ಲಿ ಯಾರೋ ರೋಲ್ ಬೆಂಡಿಂಗ್ (ತಗಡು ಹಿಂಡೋ ರೋಲಿನ ಬಾಗಿಗೆ ಕೊಡೋ ಎದುರು ಬಾಗು) ಸರಿಯಾಗಿ ಕೊಟ್ಟಿಲ್ಲ ಇಲ್ಲಾ ಕೊಡೋಕೆ ಅವರ ಹತ್ರ ಬೆಂಡಿಂಗೇ ಉಳಿದಿರ್ಲಿಲ್ಲ.

ನಾನು 25 ವರ್ಷ ಕೋಲ್ಡ್ ರೋಲಿಂಗ್ ಮಿಲ್ಲಲ್ಲಿ (ಉಕ್ಕಿನ ತಗಡನ್ನ ಬಿಸಿ ಮಾಡದೇ ರೋಲುಗಳ ನಡುವೆ ಹಿಂಡಿ ತೆಳ್ಳಗೆ ಮಾಡೋ ಕಡೆ) ಮೇಂಟೆನೆನ್ಸು, ಆಮೇಲೆ ಶಿಫ್ಟ್ ಇನ್‌ಚಾರ್ಜು ಅಂತ ದುಡಿದೋನು. ಹುಡುಗನಿಗೆ ಹೇಳಿದ್ದನ್ನೇ ಇಲ್ಲಿ ಬರೀತಿದೀನಿ, ಮಿಲ್ ಕೆಲಸಕ್ಕೆ ಹೋಗೋ ಐಟಿಐ, ಡಿಪ್ಲೊಮಾ ಹುಡುಗರಿಗೆ, ಹೊಸ ಆಪರೇಟರ್‌ಗಳಿಗೆ ಉಪಯೋಗ ಆಗ್ಲಿ ಅಂತ. ಮಾತಾಡ್ತಿರೋದು ನಾಕು ರೋಲಿನ ಮಿಲ್ ಬಗ್ಗೆ, ಅಂದ್ರೆ ನಡುವೆ ಎರಡು ಸಣ್ಣ ವರ್ಕ್ ರೋಲು, ಅವಕ್ಕೆ ಬೆನ್ನು ಕೊಟ್ಟು ಮೇಲೊಂದು ಕೆಳಗೊಂದು ದಪ್ಪನೆ ಬ್ಯಾಕಪ್ ರೋಲು. ಆರು ರೋಲಿಂದು ಕೊನೆಗೆ ಸ್ವಲ್ಪ ಹೇಳ್ತೀನಿ.

ಮೊದಲು, ರೋಲ್ ಯಾಕೆ ಬಾಗ್ತೈತೆ

ರೊಟ್ಟಿ ಬಡಿಯೋರಿಗೆ ಇದು ತಿಳಿಯಲ್ಲ, ಚಪಾತಿ ಲಟ್ಟಿಸೋರಿಗೆ ತಿಳೀತೈತೆ. ಲಟ್ಟಣಿಗೆ ಎರಡು ತುದಿ ಹಿಡಿದು ಜೋರಾಗಿ ಒತ್ತಿದ್ರೆ ಚಪಾತಿ ಅಂಚು ತೆಳ್ಳಗಾಗಿ ನಡುವೆ ದಪ್ಪ ಉಳೀತೈತೆ ಅಲ್ವಾ, ಅದಕ್ಕೇ ಒಳ್ಳೆ ಲಟ್ಟಣಿಗೆಗೆ ನಡುವೆ ಸ್ವಲ್ಪ ಹೊಟ್ಟೆ ಇರ್ತೈತೆ. ಮಿಲ್ಲಲ್ಲೂ ಇದೇ ಕಥೆ, ಸ್ಕ್ರೂ ಆಗ್ಲಿ ಹೈಡ್ರಾಲಿಕ್ ಸಿಲಿಂಡರ್ ಆಗ್ಲಿ ಒತ್ತೋದು ರೋಲಿನ ತುದಿಲಿರೋ ಚಾಕ್ (ಬೇರಿಂಗ್ ಕೂತಿರೋ ಗೂಡು) ಮೇಲೆ, ತಿರುಗಿ ಒತ್ತೋ ಉಕ್ಕು ಇರೋದು ನಡುವೆ, ಹಿಂಗಾಗಿ ನೂರಾರು ಟನ್ ಬಿದ್ದಾಗ ಎಷ್ಟೇ ದಪ್ಪ ರೋಲ್ ಇದ್ರೂ ಬಾಗೇ ಬಾಗ್ತೈತೆ. ಹರಿಹರದ ಹಳೇ ಮೈಸೂರು ಕಿರ್ಲೋಸ್ಕರ್ ಲೇತ್ ಮೇಲೆ ಕೆಲಸ ಮಾಡಿದೋರಿಗೆ ಇನ್ನೂ ಬೇಗ ಅರ್ಥ ಆಗ್ತೈತೆ. ಸಣ್ಣ ಉದ್ದನೆ ಶಾಫ್ಟನ್ನ ಎರಡು ಸೆಂಟರ್ ನಡುವೆ ಹಿಡಿದು ಟರ್ನ್ ಮಾಡಿದ್ರೆ ನಡುವೆ ಅದು ಟೂಲಿಂದ ದೂರ ಸರಿದು ಕೊನೆಗೆ ಪೀಪಾಯಿ ಆಕಾರಕ್ಕೆ ಬರ್ತೈತೆ ನೋಡ್ರಿ, ಅದೇ ಬಾಗು ಇದು.

ಅಂಚು ಜಾಸ್ತಿ ಹಿಂಡಿದ್ರೆ ಅಲ್ಲಿನ ಉಕ್ಕು ಉದ್ದ ಆಗ್ತೈತೆ, ನಡುವಿನದು ಅಷ್ಟು ಉದ್ದ ಆಗಿರಲ್ಲ, ಒಂದೇ ತಗಡಲ್ಲಿ ಅಂಚಿನ ಉದ್ದ ಬೇರೆ ನಡುವಿನ ಉದ್ದ ಬೇರೆ ಆದ್ರೆ ಜಾಸ್ತಿ ಇರೋ ಉದ್ದ ಎಲ್ಲಿಗೆ ಹೋಗ್ಬೇಕು, ಅಲೆ ಆಗಿ ಮೇಲೆ ಏಳ್ತೈತೆ. ಇದು ಎಡ್ಜ್ ವೇವ್. ಉಲ್ಟಾ ಆಗಿ ನಡುವೆ ಜಾಸ್ತಿ ಹಿಂಡಿದ್ರೆ ಹಪ್ಪಳದ ನಡುವೆ ಉಬ್ಬಿದಂಗೆ ಉಬ್ತೈತೆ, ಅದು ಸೆಂಟರ್ ಬಕಲ್.

ಬೆಂಡಿಂಗ್ ಅಂದ್ರೆ ಈ ಬಾಗಿಗೆ ಎದುರು ಬಾಗು ಕೊಡೋದು ಅಷ್ಟೆ. ಮೇಲಿನ ಕೆಳಗಿನ ವರ್ಕ್ ರೋಲ್ ಚಾಕ್‌ಗಳನ್ನ ಸಿಲಿಂಡರಿಂದ ಒಂದರಿಂದೊಂದು ದೂರ ತಳ್ಳಿದ್ರೆ ಪಾಸಿಟಿವ್, ಶಾಪ್ ಫ್ಲೋರಲ್ಲಿ ಪ್ಲಸ್ ಅಂತೀವಿ, ಅಂಚಿನ ಹಿಂಡೋದು ಕಮ್ಮಿ ಆಗ್ತೈತೆ. ಹತ್ರ ಒತ್ತಿದ್ರೆ ನೆಗೆಟಿವ್, ಮೈನಸ್, ಅಂಚು ಜಾಸ್ತಿ ಹಿಂಡ್ತೈತೆ. ಅಂಚು ಅಲೆ ಹೊಡೆದ್ರೆ ಪ್ಲಸ್ಸು, ನಡು ಉಬ್ಬಿದ್ರೆ ಮೈನಸ್ಸು. ಎಲ್ರಿಗೂ ಇಷ್ಟು ಬಾಯಿಪಾಠ, ಇಷ್ಟೇ ಗೊತ್ತಿರೋದ್ರಿಂದಲೇ ಅರ್ಧ ಎಡವಟ್ಟು ಆಗೋದು.

ಹೆಜ್ಜೆ 1: ತಗಡನ್ನ ಓದಿ, ಪಲ್ಪಿಟ್ (ಆಪರೇಟರ್ ಕ್ಯಾಬಿನ್) ಸ್ಕ್ರೀನ್ ಆಮೇಲೆ

ಮಿಲ್ ಓಡುವಾಗ ಸ್ಟ್ರಿಪ್ ನೋಡಿ ಚೆನ್ನಾಗೈತೆ ಅನ್ನಬೇಡಿ, ಟೆನ್ಷನ್, ಅಂದ್ರೆ ತಗಡಿನ ಎಳೆತ ಇರೋವರೆಗೂ ಅಲೆ ಅಡಗಿ ಕೂತಿರ್ತೈತೆ. ಕಾಯಿಲ್ (ತಗಡಿನ ಸುರುಳಿ) ಮುಗಿದ ಮೇಲೆ ಒಂದೆರಡು ಮೀಟರ್ ಕತ್ತರಿಸಿ ಸಮ ಇರೋ ಟೇಬಲ್ ಮೇಲೆ ಹಾಸಿ, ಒಂದು ಅಲೆಯ ಎತ್ತರ ಎಷ್ಟು, ಒಂದು ಅಲೆಯಿಂದ ಇನ್ನೊಂದಕ್ಕೆ ಉದ್ದ ಎಷ್ಟು ಅಂತ ಸ್ಕೇಲಲ್ಲಿ ಅಳೀರಿ. ಎತ್ತರವನ್ನ ಉದ್ದದಿಂದ ಭಾಗಿಸಿ, ಅದನ್ನ ಶೇಕಡಾ ಮಾಡಿ, ಅದರ ವರ್ಗ ತಗೊಂಡು 24.67ರಿಂದ ಗುಣಿಸಿದ್ರೆ ಐ-ಯೂನಿಟ್ ಸಿಗ್ತೈತೆ. ಬೀರು ಅಂಗಡಿಯ ತಗಡಲ್ಲಿ ನಮ್ಮ ಹುಡುಗ ಅಳೆದಾಗ ಎತ್ತರ 6 ಎಂಎಂ, ಉದ್ದ 400 ಎಂಎಂ ಬಂತು, ಅಂದ್ರೆ 1.5 ಪರ್ಸೆಂಟು, ವರ್ಗ 2.25, ಗುಣಿಸಿದ್ರೆ ಹತ್ರ ಹತ್ರ 55 ಐ-ಯೂನಿಟ್. ಒಂದು ಐ-ಯೂನಿಟ್ ಅಂದ್ರೆ ಲಕ್ಷದಲ್ಲಿ ಒಂದು ಭಾಗ ಉದ್ದ ವ್ಯತ್ಯಾಸ, ಹಂಗಾಗಿ 55 ಅಂದ್ರೆ ಒಂದು ಮೀಟರಿಗೆ ಬರೀ ಅರ್ಧ ಎಂಎಂ ಚಿಲ್ರೆ ಅಂಚು ಉದ್ದ ಐತೆ ಅಂತ. "ಅರ್ಧ ಎಂಎಂಗೆ ಇಷ್ಟು ನೆರಿಗೆನಾ ದೊಡ್ಡಪ್ಪ" ಅಂತ ಅವನು ಬಾಯಿ ಬಿಟ್ಟ. ಇಡೀ ಆಟ ಇರೋದೇ ಇಷ್ಟರಲ್ಲಿ.

ಟೆನ್ಷನ್‌ಲ್ಲಿ ಯಾಕೆ ಕಾಣಲ್ಲ ಅಂದ್ರೆ, ಉಕ್ಕಲ್ಲಿ 1 ಐ-ಯೂನಿಟ್‌ಗೆ ಸುಮಾರು 2.1 ಮೆಗಾಪ್ಯಾಸ್ಕಲ್ ಸ್ಟ್ರೆಸ್ ವ್ಯತ್ಯಾಸ ಬರ್ತೈತೆ, 55ಕ್ಕೆ 115 ಆಯ್ತು, ಮಿಲ್ಲಿನ ಟೆನ್ಷನ್ ಅದಕ್ಕಿಂತ ಜಾಸ್ತಿ ಇದ್ರೆ ಸ್ಟ್ರಿಪ್ ಕನ್ನಡಿ ಥರ ಕಾಣ್ತೈತೆ. ಶೇಪ್ ಮೀಟರ್ ರೋಲ್ ಇರೋ ಮಿಲ್ಲಲ್ಲಿ ಈ ಸ್ಟ್ರೆಸ್ ವ್ಯತ್ಯಾಸವನ್ನೇ ಅದು ಅಳೆಯೋದು, ಅಲೆಯನ್ನಲ್ಲ.

ಅಳೆಯುವಾಗ ಅಲೆ ಎಲ್ಲೈತೆ ಅಂತ ಬರ್ಕೊಳ್ಳಿ. ಎರಡೂ ಅಂಚಲ್ಲಿ ಸಮ ಇದ್ರೆ ಬೆಂಡಿಂಗ್ ವಿಷಯ. ಒಂದೇ ಅಂಚಲ್ಲಿದ್ರೆ ಬೆಂಡಿಂಗ್ ಮುಟ್ಟಲೇಬೇಡಿ, ಅದು ಲೆವೆಲಿಂಗ್, ಒಂದು ಕಡೆ ಗ್ಯಾಪ್ ಕಮ್ಮಿ ಆಗಿರ್ತೈತೆ, ಟಿಲ್ಟ್ (ರೋಲಿನ ಓರೆ) ಸರಿ ಮಾಡ್ಬೇಕು. ನಡು ಮತ್ತು ಅಂಚಿನ ಮಧ್ಯೆ, ಅಂದ್ರೆ ಕಾಲು ಭಾಗದಲ್ಲಿ ಉಬ್ಬಿದ್ರೆ ಕ್ವಾರ್ಟರ್ ಬಕಲ್, ನಾಕು ರೋಲಿನ ಮಿಲ್ಲಲ್ಲಿ ಬೆಂಡಿಂಗಿಂದ ಅದು ಹೋಗಲ್ಲ, ಪ್ಲಸ್ ಕೊಟ್ಟು ಮೈನಸ್ ಕೊಟ್ಟು ಒದ್ದಾಡಿ ಕೊನೆಗೆ ಅಂಚು ನಡು ಎರಡೂ ಕೆಡ್ತಾವೆ. ಅದಕ್ಕೆ ಆ ಜಾಗದಲ್ಲಿ ರೋಲ್ ತಣ್ಣಗೆ ಮಾಡೋ ಕೂಲೆಂಟ್ ನಾಝಲ್ ನೋಡ್ಬೇಕು.

ಹೆಜ್ಜೆ 2: ಬೆಂಡಿಂಗ್ ಮುಟ್ಟೋಕೆ ಮುಂಚೆ ಉಳಿದಿದ್ದನ್ನ ಸರಿ ಮಾಡ್ಕೊಳ್ಳಿ

ನಾನು ಹೊಸ ಆಪರೇಟರ್‌ಗೆ ಮೊದಲು ಕೇಳೋದು ಬೆಂಡಿಂಗ್ ಎಷ್ಟು ಪರ್ಸೆಂಟಲ್ಲಿ ಓಡ್ತೈತೆ ಅಂತ. ಪ್ಲಸ್ 90ರಲ್ಲಿ ಓಡ್ತೈತೆ, ತಗಡು ಚೆನ್ನಾಗೈತೆ ಸರ್ ಅಂದ್ರೆ ನನಗೆ ಅದು ಚೆನ್ನಾಗಿಲ್ಲ ಅಂತ್ಲೇ ಲೆಕ್ಕ. ಬೆಂಡಿಂಗ್ ಒಂದೇ ಸೆಕೆಂಡಲ್ಲಿ ಬದಲಾಯಿಸೋಕೆ ಆಗೋ ಆಯುಧ, ಉಳಿದವು ನಿಧಾನ. ರೋಲ್ ಗ್ರೈಂಡಿಂಗ್ ಕ್ಯಾಂಬರ್ (ರೋಲಿನ ನಡುವೆ ಗ್ರೈಂಡ್ ಮಾಡಿ ಬಿಟ್ಟಿರೋ ಹೊಟ್ಟೆ) ಬದಲಾಗ್ಬೇಕಂದ್ರೆ ರೋಲನ್ನೇ ಬದಲಾಯಿಸ್ಬೇಕು, ರೋಲಿನ ಬಿಸಿಯಿಂದ ಬರೋ ಉಬ್ಬು ಬದಲಾಗೋಕೆ ಎಷ್ಟೋ ನಿಮಿಷ ಬೇಕು. ಬೆಂಡಿಂಗ್ ಕೊನೆ ಮುಟ್ಟಿ ನಿಂತಿದ್ರೆ ಕಾಯಿಲ್ ನಡುವೆ ಗಟ್ಟಿ ಜಾಗ ಬಂದಾಗ, ಸ್ಪೀಡ್ ಬದಲಾದಾಗ ನಿಮ್ಮ ಕೈಲಿ ಏನೂ ಇರಲ್ಲ. ಹಂಗಾಗಿ ನಿಧಾನದವನ್ನೆಲ್ಲ ಸರಿ ಮಾಡಿ ಬೆಂಡಿಂಗನ್ನ ಮಧ್ಯದ ಹತ್ರ ತಂದಿಡಬೇಕು, ಆ ಕಡೆಗೂ ಈ ಕಡೆಗೂ ಜಾಗ ಇರ್ಬೇಕು.

ಇದಕ್ಕೆ ನೋಡಬೇಕಾದ್ದು, ರೋಲ್ ಶಾಪಿಂದ ಬಂದ ಕ್ಯಾಂಬರ್ ಕಾರ್ಡು, ಕೂದಲೆಳೆ ದಪ್ಪದ ವ್ಯತ್ಯಾಸಕ್ಕೇ ಬೆಂಡಿಂಗ್ ಎಷ್ಟೋ ಟನ್ ಆಚೀಚೆ ಆಗ್ತೈತೆ. ಯಾವಾಗಲೂ ಪ್ಲಸ್ ಮೇಲೇ ಓಡ್ತಿದ್ರೆ ರೋಲ್ ಶಾಪಿಗೆ ಹೇಳಿ ಹೊಟ್ಟೆ ಸ್ವಲ್ಪ ಜಾಸ್ತಿ ಮಾಡಿಸಿ. ಆಮೇಲೆ ರೋಲ್ ಡಯಾ. ರೋಲಿನ ಬಿಗಿ ಡಯಾದ ನಾಲ್ಕನೇ ಘಾತದ ಲೆಕ್ಕದಲ್ಲಿ ಹೋಗೋದ್ರಿಂದ 400 ಎಂಎಂ ರೋಲು ಗ್ರೈಂಡ್ ಆಗಿ ಆಗಿ 380ಕ್ಕೆ ಬಂದ್ರೆ ಬಿಗಿ 18 ಪರ್ಸೆಂಟಿಗಿಂತ ಜಾಸ್ತಿ ಇಳಿದಿರ್ತೈತೆ, ಅದೇ ಬೆಂಡಿಂಗಿಗೆ ಜಾಸ್ತಿ ಬಾಗ್ತೈತೆ, ಕಂಪ್ಯೂಟರ್‌ಗೆ ಹಳೇ ಡಯಾನೇ ಇದ್ರೆ ಅದು ಕೊಡೋ ನಂಬರೆಲ್ಲ ಸುಳ್ಳು. ಮೂರನೇದು ಕೂಲೆಂಟ್, ನಾಝಲ್ ಒಂದೆರಡು ಕಟ್ಕೊಂಡಿದ್ರೆ ಆ ಜಾಗದಲ್ಲಿ ರೋಲ್ ಬಿಸಿಯಾಗಿ ಉಬ್ಬಿ ತಗಡಲ್ಲಿ ಅಷ್ಟಗಲ ಪಟ್ಟಿ ಸಡಿಲ ಬರ್ತೈತೆ.

ಇನ್ನೊಂದು, ಪಾಸ್ ಲೆಕ್ಕ, ತಗಡು ಒಂದು ಸಲ ರೋಲಿನ ನಡುವೆ ಹಾದು ಹೋದ್ರೆ ಒಂದು ಪಾಸ್. ಒಳಗೆ ಬರೋ 2.5 ಎಂಎಂ ತಗಡಲ್ಲಿ ನಡು ಅಂಚಿಗಿಂತ 0.05 ಎಂಎಂ ದಪ್ಪ ಇದ್ರೆ ಅದು 2 ಪರ್ಸೆಂಟ್ ಕ್ರೌನು, 0.5ಕ್ಕೆ ಇಳಿಸಿದಾಗಲೂ ಆ 2 ಪರ್ಸೆಂಟೇ, ಅಂದ್ರೆ 0.01 ಎಂಎಂ ಉಳೀಬೇಕು. ತೆಳ್ಳಗಿನ ತಗಡಲ್ಲಿ ಉಕ್ಕು ಅಗಲಕ್ಕೆ ಹರಿಯಲ್ಲ, ಎಲ್ಲಾ ಉದ್ದಕ್ಕೇ ಹೋಗ್ತೈತೆ. ಗಿರಾಕಿಗೆ ನಡು ಅಂಚು ಒಂದೇ ದಪ್ಪ ಬೇಕಂತೆ ಅಂತ ಕೊನೇ ಪಾಸಲ್ಲಿ ಬೆಂಡಿಂಗ್ ತಿರುವಿದ್ರೆ ದಪ್ಪ ಸಮ ಆಗಲ್ಲ, ಅಲೆ ಬರ್ತೈತೆ. ಆ ತಿದ್ದುಪಡಿ ಏನಿದ್ರೂ ದಪ್ಪ ಇದ್ದಾಗ, ಮೊದಲನೇ ಪಾಸುಗಳಲ್ಲೇ.

ಹೆಜ್ಜೆ 3: ನಿಮ್ಮ ಮಿಲ್ಲಲ್ಲಿ ಸಿಲಿಂಡರ್ ಎಲ್ಲೈತೆ ಅಂತ ಹೋಗಿ ನೋಡಿ

ಡ್ರಾಯಿಂಗ್ ಸಾಲದು, ಶಟ್‌ಡೌನಲ್ಲಿ ಟಾರ್ಚ್ ಹಾಕಿ ನೋಡ್ರಿ. ಕೆಲವು ಮಿಲ್ಲಲ್ಲಿ ಹೌಸಿಂಗಿಗೆ (ರೋಲು ಹಿಡಿದಿರೋ ಮಿಲ್ಲಿನ ಚೌಕಟ್ಟು) ಬೋಲ್ಟ್ ಹಾಕಿರೋ ಬ್ಲಾಕಲ್ಲಿ ಸಿಲಿಂಡರ್ ಇರ್ತಾವೆ, ಮೇ ವೆಸ್ಟ್ ಬ್ಲಾಕ್ ಅಂತಾರೆ, ಯಾವುದೋ ಕಾಲದ ಹಾಲಿವುಡ್ ನಟಿ ಹೆಸರಂತೆ, ಬ್ಲಾಕಿನ ಆಕಾರ ನೋಡಿದ್ರೆ ಯಾಕಂತ ಗೊತ್ತಾಗ್ತೈತೆ. ಕೆಲವು ಮಿಲ್ಲಲ್ಲಿ ಚಾಕ್ ಒಳಗೇ ಇರ್ತಾವೆ, ಅಲ್ಲಿ ಪ್ರತಿ ರೋಲ್ ಚೇಂಜಿಗೂ ಹೋಸ್ ಬಿಚ್ಚಿ ಹಾಕೋದು, ಎಣ್ಣೆಗೆ ಕಸ ಸೇರೋ ದಾರಿ ಅದೇ.

ಎಷ್ಟು ಟನ್ ಬರ್ತೈತೆ ಅನ್ನೋದು ಸುಲಭ ಲೆಕ್ಕ. 120 ಎಂಎಂ ಬೋರ್ ಸಿಲಿಂಡರ್ ಅಂದ್ರೆ 113 ಚದರ ಸೆಂಟಿಮೀಟರ್, 200 ಬಾರ್ ಪ್ರೆಶರ್ ಕೊಟ್ರೆ ಒಂದಕ್ಕೆ 23 ಟನ್, ಚಾಕಿಗೆ ಎರಡಿದ್ರೆ 46 ಟನ್. ಇದರ ಮೇಲೆ ಪ್ರೆಶರ್ ಏರಿಸೋ ಆಸೆ ಬರ್ತೈತೆ, ಬೇಡ. ರೋಲ್ ನೆಕ್ಕು, ಚಾಕ್ ಬೇರಿಂಗು ಈ ಭಾರ ಹೊರಬೇಕು, ರೋಲರ್ ಬೇರಿಂಗಲ್ಲಿ ಭಾರ ಎರಡರಷ್ಟು ಆದ್ರೆ ಆಯಸ್ಸು ಹತ್ತರಲ್ಲೊಂದು ಪಾಲಿಗೆ ಇಳೀತೈತೆ.

ಸಿಲಿಂಡರ್ ಎಲ್ಲಿ ಕೂತೈತೆ ಅನ್ನೋದು ಲೋಡ್ ಸೆಲ್ (ಫೋರ್ಸ್ ಅಳೆಯೋ ಸಾಧನ) ರೀಡಿಂಗಿಗೂ ಬೇಕು, ಬಹಳ ಜನ ತಪ್ಪೋದು ಇಲ್ಲೇ. ಪ್ಲಸ್ ಬೆಂಡಿಂಗ್ ಕೊಟ್ಟಾಗ ವರ್ಕ್ ರೋಲು ಬ್ಯಾಕಪ್ ರೋಲನ್ನ ಇನ್ನೂ ಮೇಲೆ ಒತ್ತೋದ್ರಿಂದ ಲೋಡ್ ಸೆಲ್‌ಗೆ ತಗಡಿನ ಫೋರ್ಸ್ ಜೊತೆ ಬೆಂಡಿಂಗ್ ಫೋರ್ಸೂ ಸೇರಿ ಕಾಣ್ತೈತೆ. 800 ಟನ್ ತೋರಿಸ್ತಿದ್ರೆ, ಎರಡು ಕಡೆ ಚಾಕಿಂದ ಸೇರಿ 92 ಟನ್ ಬೆಂಡಿಂಗ್ ಇದ್ರೆ ತಗಡಿನ ಮೇಲೆ ಬೀಳೋದು 708 ಅಷ್ಟೆ. ಮೈನಸ್ಸಲ್ಲಿ ಸಿಲಿಂಡರ್ ಬ್ಯಾಕಪ್ ಚಾಕಲ್ಲಿ ಕೂತಿದ್ರೆ ಆ ಫೋರ್ಸ್ ಒಳಗೊಳಗೇ ಮುಗಿದು ಲೋಡ್ ಸೆಲ್ ತಗಡಿನ ಫೋರ್ಸನ್ನೇ ತೋರಿಸ್ತೈತೆ, ಹೌಸಿಂಗ್ ಬ್ಲಾಕಲ್ಲಿದ್ರೆ ಅಷ್ಟು ಕಮ್ಮಿ ತೋರಿಸ್ತೈತೆ. ಗೇಜ್ ಕಂಟ್ರೋಲ್ (ತಗಡಿನ ದಪ್ಪ ಹಿಡಿದಿಡೋ ಏರ್ಪಾಡು) ಇದನ್ನ ಕಳೆದು ಕೂಡಿಸಿ ಲೆಕ್ಕ ಹಾಕ್ತಿಲ್ಲ ಅಂದ್ರೆ ಬೆಂಡಿಂಗ್ ಮುಟ್ಟಿದಾಗಲೆಲ್ಲ ದಪ್ಪ ಏರುಪೇರು ಆಗ್ತೈತೆ, ಆಪರೇಟರ್ ಹೆದರಿ ಬೆಂಡಿಂಗೇ ಮುಟ್ಟಲ್ಲ.

ಹೆಜ್ಜೆ 4: ತಗಡಿಲ್ಲದಾಗ ಟೆಸ್ಟ್

ಗ್ಯಾಪ್ ತೆರೆದಿದ್ದಾಗ ಸಿಲಿಂಡರ್ ಮಾಡೋ ಕೆಲಸ ಬ್ಯಾಲೆನ್ಸ್ ಮಾತ್ರ, ಮೇಲಿನ ವರ್ಕ್ ರೋಲು ಚಾಕ್ ಸಮೇತ ಎತ್ತಿ ಬ್ಯಾಕಪ್ ರೋಲಿಗೆ ಅಂಟಿಸಿ ಹಿಡಿಯೋದು. ರೋಲ್ ತೂಕಕ್ಕಿಂತ ಸಾಕಷ್ಟು ಜಾಸ್ತಿನೇ ಇರ್ಬೇಕು, ಯಾಕಂದ್ರೆ ಮೋಟರ್ ತಿರುಗಿಸೋದು ವರ್ಕ್ ರೋಲನ್ನ, ಬ್ಯಾಕಪ್ ರೋಲು ಬರೀ ತಿಕ್ಕಾಟದಿಂದ ತಿರುಗೋದು, ಹಿಡಿತ ಸಡಿಲ ಆದ್ರೆ ಸ್ಪೀಡ್ ಏರಿಸುವಾಗ ಜಾರಿ ರೋಲಿನ ಮೇಲೆ ಗೀರು ಬೀಳ್ತೈತೆ. ಪೂರಾ ಬೆಂಡಿಂಗ್ ಗ್ಯಾಪ್ ತೆರೆದಾಗ ಕೊಡ್ಬಾರ್ದು, ಇಂಟರ್‌ಲಾಕ್ ಇರ್ಬೇಕು, ಅದನ್ನ ಯಾರೋ ಜಂಪರ್ ವೈರ್ ಹಾಕಿ ತಪ್ಪಿಸಿದಾರಾ ಅಂತ ನೋಡ್ಕೊಳ್ಳಿ.

ಟೆಸ್ಟಿಗೆ ರೋಲುಗಳನ್ನ ಮುಖಕ್ಕೆ ಮುಖ ತಂದು ನಿಮ್ಮ ಮಿಲ್ ಜೀರೋ ಮಾಡೋ (ಗ್ಯಾಪ್ ಸೊನ್ನೆ ಅಂತ ಗುರುತಿಸೋ) ಫೋರ್ಸಿಗೆ ಒತ್ತಿ, ರೋಲ್ ನಿಧಾನ ತಿರುಗ್ತಿರ್ಲಿ, ಕೂಲೆಂಟ್ ಆನ್ ಇರ್ಲಿ. ಪ್ಲಸ್ ಬೆಂಡಿಂಗ್ 25, 50, 75, 100 ಅಂತ ಏರಿಸಿ, ಹಂಗೇ ಇಳಿಸಿ, ಪ್ರತಿ ಮೆಟ್ಟಲಲ್ಲೂ ಆಪರೇಟರ್ ಸೈಡು ಡ್ರೈವ್ ಸೈಡು ಎರಡರ ಪ್ರೆಶರ್ರೂ ಲೋಡ್ ಸೆಲ್ಲೂ ಬರ್ಕೊಳ್ಳಿ. ಮೈನಸ್ಸನ್ನ ಹಿಂಗೆ ಟೆಸ್ಟ್ ಮಾಡಬೇಡಿ, ರೋಲಿನ ಅಂಚು ಅಂಚು ಕಚ್ಚಿಕೊಳ್ತಾವೆ.

ಪ್ರೆಶರ್ ಒಂದೇ ನೋಡಿ ಸುಮ್ಮನಾಗ್ಬೇಡಿ. ಒಂದ್ಸಲ ನಮಗೆ ವಾರಗಟ್ಲೆ ಡ್ರೈವ್ ಸೈಡ್ ಅಂಚು ಮಾತ್ರ ಅಲೆ ಹೊಡೀತಿತ್ತು, ಟಿಲ್ಟ್ ಸರಿ ಮಾಡಿದ್ರೆ ಒಂದು ಕಾಯಿಲ್ ಚೆನ್ನಾಗಿ ಬರೋದು, ಮುಂದಿನ ಕಾಯಿಲಲ್ಲಿ ಉಲ್ಟಾ ಕಡೆ ಅಲೆ. ಸ್ಕ್ರೀನ್ ಮೇಲೆ ಎರಡೂ ಕಡೆ ಪ್ರೆಶರ್ ಅಪ್ಪಟ ಒಂದೇ. ಈ ಏರಿಸಿ ಇಳಿಸೋ ಟೆಸ್ಟ್ ಮಾಡಿದಾಗ ಡ್ರೈವ್ ಸೈಡ್ ಲೋಡ್ ಸೆಲ್ 50 ಪರ್ಸೆಂಟ್‌ವರೆಗೂ ಅಲ್ಲಾಡ್ಲೇ ಇಲ್ಲ, ಆಮೇಲೆ ಒಮ್ಮೆಗೇ ಎಗರಿತು. ಚಾಕ್ ಲೈನರ್ (ಚಾಕ್ ಜಾರೋ ಜಾಗದ ಪಟ್ಟಿ) ಸವೆದು ಮೂಲೆಲಿ ತುಟಿ ಥರ ಏಣು ಬಂದು ಚಾಕ್ ಹೌಸಿಂಗಿನ ಕಿಟಕಿಲಿ ಕಚ್ಚಿಕೊಂಡಿತ್ತು, ಬೆರಳು ಇಟ್ಟು ಸವರಿದ್ರೆ ಉಗುರಿಗೆ ಸಿಗೋದು. ಪ್ರೆಶರ್ ಟ್ರಾನ್ಸ್‌ಡ್ಯೂಸರ್ ಅಳೆಯೋದು ಎಣ್ಣೆಯನ್ನ, ರೋಲಿಗೆ ತಲುಪಿದ ಫೋರ್ಸನ್ನಲ್ಲ. ಲೈನರ್ ಬದಲಾಯಿಸಿದ ದಿನವೇ ಕಾಯಿಲೆ ಬಿಡ್ತು.

ಏರೋವಾಗ ಇಳಿಯೋವಾಗ ವ್ಯತ್ಯಾಸ ಎರಡೂ ಕಡೆ ಜಾಸ್ತಿ ಇದ್ರೆ ಸೀಲು ಬಿಗಿ ಇಲ್ಲಾ ಲೈನರ್‌ಗೆ ಗ್ರೀಸ್ ಹೋಗ್ತಿಲ್ಲ. ಸೆಟ್ ಮಾಡಿದ ಪ್ರೆಶರಿಗೆ ಬರೋಕೆ ಒದ್ದಾಡ್ತಿದ್ರೆ ಸರ್ವೋ ವಾಲ್ವು, ಅದಕ್ಕೂ ಮುಂಚೆ ಅದರ ಫಿಲ್ಟರ್ ನೋಡಿ. ಬಹಳ ಸಲ ಫಿಲ್ಟರ್ರೇ.

ಜೀರೋ ಮಾಡುವಾಗ ಬೆಂಡಿಂಗ್ ಯಾವ ಪ್ರೆಶರಲ್ಲಿತ್ತೋ ಪ್ರತಿ ಶಿಫ್ಟಲ್ಲೂ ಅದೇ ಇರ್ಬೇಕು. ಒಬ್ಬ ಬ್ಯಾಲೆನ್ಸಲ್ಲಿ ಜೀರೋ ಮಾಡಿ ಇನ್ನೊಬ್ಬ 20 ಟನ್ ಪ್ಲಸ್ಸಲ್ಲಿ ಮಾಡಿದ್ರೆ ಇಬ್ಬರ ಜೀರೋ ಬೇರೆ ಬೇರೆ.

ಹೆಜ್ಜೆ 5: ತಗಡು ಓಡುವಾಗ

ಮಿಲ್ ಸೆಟಪ್ಪಲ್ಲಿ ಬಂದ ಬೆಂಡಿಂಗಿಂದ ಶುರು ಮಾಡಿ, ಟಿಲ್ಟ್ ಮೊದಲು, ಬೆಂಡಿಂಗ್ ಆಮೇಲೆ. 5 ಪರ್ಸೆಂಟಿನ ಮೆಟ್ಟಲಲ್ಲಿ ಸರಿಸಿ, ಸರಿಸಿದ ಮೇಲೆ ಆ ಜಾಗದ ತಗಡು ಶೇಪ್ ಮೀಟರ್‌ಗೆ ಬರೋವರೆಗೆ ಕಾಯಿರಿ, ನಿಧಾನ ಸ್ಪೀಡಲ್ಲಿ ಇದು ಕೆಲವು ಸೆಕೆಂಡ್ ಆಗ್ತೈತೆ, ಅಷ್ಟರಲ್ಲಿ ತಾಳ್ಮೆ ಕೆಟ್ಟು ಇನ್ನೊಂದು ಸಲ ಒತ್ತಿ ಆಮೇಲೆ ಉಲ್ಟಾ ಒತ್ತಿ, ಹಿಂಗೆ ತೂಗುಯ್ಯಾಲೆ ಆಡ್ಸೋದನ್ನ ಎಷ್ಟು ನೋಡಿದೀನೋ.

ಸ್ಪೀಡ್ ಏರುವಾಗ ಕಣ್ಣಿಟ್ಟಿರಿ. ಸ್ಪೀಡ್ ಏರಿದಂಗೆ ರೋಲು ತಗಡಿನ ನಡುವೆ ಎಣ್ಣೆ ಪದರ ದಪ್ಪ ಆಗಿ ತಿಕ್ಕಾಟ ಇಳಿದು ಫೋರ್ಸ್ ಇಳೀತೈತೆ, ಫೋರ್ಸ್ ಇಳಿದ್ರೆ ರೋಲ್ ಬಾಗು ಕಮ್ಮಿ, ಹಳೇ ಪ್ಲಸ್ ಬೆಂಡಿಂಗೇ ಈಗ ಜಾಸ್ತಿ ಆಗಿ ನಡು ಸಡಿಲ ಬರ್ತೈತೆ. ಆವಾಗ ಪ್ಲಸ್ ಸ್ವಲ್ಪ ಇಳಿಸ್ಬೇಕು, ನಿಲ್ಲಿಸೋಕೆ ಸ್ಪೀಡ್ ಇಳಿಸುವಾಗ ತಿರುಗಿ ಏರಿಸ್ಬೇಕು. ಒಳ್ಳೆ ಮಿಲ್ಲಲ್ಲಿ ಫೋರ್ಸ್ ನೋಡಿ ಬೆಂಡಿಂಗ್ ತಾನೇ ಸರಿಯೋ ಏರ್ಪಾಡು ಇರ್ತೈತೆ, ಇದ್ರೆ ಆಫ್ ಮಾಡಿ ಹೀರೋ ಆಗೋಕೆ ಹೋಗ್ಬೇಡಿ.

ಅಗಲ ಬದಲಾದ್ರೆ ಲೆಕ್ಕನೂ ಬದಲು. ಅಗಲ ತಗಡಿಗೆ ಬೆಂಡಿಂಗ್ ಚೆನ್ನಾಗಿ ಹತ್ತತೈತೆ, ಕಿರಿದಾದ ತಗಡಿಗೆ ಅಷ್ಟಿಲ್ಲ, ತಗಡಿನ ಆಚೆ ವರ್ಕ್ ರೋಲು ಬ್ಯಾಕಪ್ ರೋಲು ಒಂದಕ್ಕೊಂದು ಒತ್ಕೊಂಡಿರೋ ಉದ್ದ ಜಾಸ್ತಿ, ಅದು ನಿಮ್ಮ ಬೆಂಡಿಂಗನ್ನ ಅಲ್ಲೇ ತಿಂದು ಹಾಕ್ತೈತೆ.

ಹೆಜ್ಜೆ 6: ಬಾಲ

ಕಾಯಿಲಿನ ಬಾಲ ಹೊರಗೆ ಹೋಗೋಕೆ ಮುಂಚೆ ಬೆಂಡಿಂಗ್ ಬ್ಯಾಲೆನ್ಸಿಗೆ ಬರ್ಬೇಕು. ಮೈನಸ್ಸಲ್ಲಿದ್ರಂತೂ ಕಡ್ಡಾಯ. ಬಳ್ಳಾರಿ ಕಡೆ ಒಂದು ಮಿಲ್ಲಲ್ಲಿದ್ದಾಗ, ರಾತ್ರಿ ಪಾಳಿ, ನಡು ಉಬ್ಬೋ ಕಾಯಿಲು, ನಾನೇ ಕೈಯಾರೆ ಮೈನಸ್ ಹಾಕಿ ಮ್ಯಾನುವಲಲ್ಲಿ ಓಡಿಸ್ತಿದ್ದೆ. ಬಾಲ ಬರೋ ಹೊತ್ತಿಗೆ ಯಾರೋ ಚಹಾ ತಂದ್ರು, ಒಂದೇ ಗುಟುಕು ಕುಡಿದಿದ್ದೆ, ತಗಡು ಹೊರಗೆ ಹೋಯ್ತು, ಮೇಲಿನ ರೋಲು ಕೆಳಗಿನ ರೋಲಿನ ಅಂಚಿಗೆ ಧಡ್ ಅಂತ ಕೂತ್ಕೊಂಡ್ತು. ಸದ್ದೇನೂ ದೊಡ್ಡದಲ್ಲ. ಮುಂದಿನ ಕಾಯಿಲಲ್ಲಿ ಪ್ರತಿ ಒಂದೂ ಕಾಲು ಮೀಟರ್‌ಗೆ ಒಂದು ಸಲ ಅಂಚಲ್ಲಿ ಅದೇ ಗುರುತು, ಅಂದ್ರೆ ವರ್ಕ್ ರೋಲಿನ ಒಂದು ಸುತ್ತಿಗೆ ಒಂದು. ಹೊಸಾ ರೋಲ್ ಜೋಡಿ, ಹಾಕಿ ನಾಕು ತಾಸು ಆಗಿರ್ಲಿಲ್ಲ, ತೆಗೆದು ಗ್ರೈಂಡಿಂಗಿಗೆ ಕಳಿಸ್ಬೇಕಾಯ್ತು. ಆಮೇಲೆ ಕಾಯಿಲ್ ಬಿಚ್ಚೋ ಡ್ರಮ್ ಮೇಲೆ ಇನ್ನೂ ಹತ್ತು ಸುತ್ತು ಇದ್ದಂಗೇ ಆಟೋಮ್ಯಾಟಿಕ್ಕಾಗಿ ಬ್ಯಾಲೆನ್ಸಿಗೆ ಬರೋ ಹಂಗೆ ಪ್ರೋಗ್ರಾಮ್ ಹಾಕ್ಸಿದೆವು.

ಆರು ರೋಲಿನ ಮಿಲ್ ಬಗ್ಗೆ ಎರಡು ಮಾತು

1970ರ ದಶಕದಲ್ಲಿ ಜಪಾನಿನ ಹಿಟಾಚಿಯೋರು ವರ್ಕ್ ರೋಲು ಬ್ಯಾಕಪ್ ರೋಲಿನ ಮಧ್ಯೆ ಇನ್ನೊಂದು ರೋಲ್ ಇಟ್ಟು ಅದನ್ನ ಅಗಲಕ್ಕೆ ಸರಿಸೋ ಮಿಲ್ ತಂದ್ರು. ತಗಡಿನ ಅಗಲಕ್ಕೆ ಸರಿಯಾಗಿ ಆ ರೋಲ್ ಸರಿಸಿದ್ರೆ ಮೇಲೆ ಹೇಳಿದ ಬೆಂಡಿಂಗ್ ತಿನ್ನೋ ಒತ್ತಾಟ ತಪ್ಪತೈತೆ, ಸಣ್ಣ ಬೆಂಡಿಂಗಿಗೇ ದೊಡ್ಡ ಪರಿಣಾಮ. ನಡುವಿನ ರೋಲಿಗೂ ಬೇರೆ ಬೆಂಡಿಂಗ್ ಇದ್ರೆ ಎರಡನ್ನೂ ಹೊಂದಿಸಿ ಕ್ವಾರ್ಟರ್ ಬಕಲ್ಲನ್ನೂ ಸ್ವಲ್ಪ ಹಿಡೀಬಹುದು. ಮೊದಲು ಸರಿಸೋದು, ಆಮೇಲೆ ನಡುವಿನ ರೋಲ್ ಬೆಂಡಿಂಗು, ವರ್ಕ್ ರೋಲ್ ಬೆಂಡಿಂಗ್ ಕೊನೆಗೆ.

ಚಾಕ್ ಬಿಚ್ಚೋಕೆ ಮುಂಚೆ

ಪಂಪ್ ಆಫ್ ಮಾಡಿದೆ, ಗೇಜ್ ಸೊನ್ನೆ ಐತೆ ಅಂತ ಹೋಸಿಗೆ ಸ್ಪ್ಯಾನರ್ ಹಾಕ್ಬೇಡಿ. ಅಕ್ಯುಮುಲೇಟರ್ ಒಳಗೆ ನೈಟ್ರೋಜನ್ ಒತ್ತಡದಲ್ಲಿ ಎಣ್ಣೆ ಕಾದು ಕೂತಿರ್ತೈತೆ, ಅದರ ಐಸೊಲೇಶನ್ ವಾಲ್ವ್ ಮುಚ್ಚಿ, ಡ್ರೇನ್ ವಾಲ್ವ್ ತೆಗೆದು ಟ್ಯಾಂಕಿಗೆ ಬಿಟ್ಟು, ಬೆಂಡಿಂಗ್ ಲೈನಿಂದೂ ಬೇರೆ ಬಿಟ್ಟು, ಗೇಜ್ ಎರಡು ಕಡೆ ನೋಡಿ, ಪಂಪಿನ ಬ್ರೇಕರ್‌ಗೆ ನಿಮ್ಮದೇ ಬೀಗ ಹಾಕಿ ಕೀಲಿ ನಿಮ್ಮ ಜೇಬಲ್ಲೇ ಇಟ್ಕೊಳ್ಳಿ. ಬ್ಯಾಲೆನ್ಸ್ ಹೋದ ತಕ್ಷಣ ಮೇಲಿನ ವರ್ಕ್ ರೋಲ್ ಕೆಳಗೆ ಇಳೀತೈತೆ, ರೋಲ್ ಚೇಂಜ್ ಸಪೋರ್ಟ್ ಹಾಕದೇ ಕೈ ಒಳಗೆ ಹಾಕಂಗಿಲ್ಲ. ಪೈಪಲ್ಲಿ ಸಣ್ಣ ತೂತಿಂದ ಎಣ್ಣೆ ಹೊಗೆ ಥರ ಬರ್ತಿದ್ರೆ ಕೈಯಿಂದ ತಡವಿ ಹುಡುಕ್ಬೇಡಿ, 200 ಬಾರ್ ಎಣ್ಣೆ ಗ್ಲೌಸು ಚರ್ಮ ಎರಡೂ ತೂರಿ ಒಳಗೆ ಹೋಗ್ತೈತೆ, ಹೊರಗೆ ಕಾಣೋದು ಸೂಜಿ ಚುಚ್ಚಿದಷ್ಟೇ ಗಾಯ, ಆದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ ಸರ್ಜನ್‌ಗೆ ತೋರಿಸ್ಬೇಕು. ರಟ್ಟಿನ ತುಂಡು ಹಿಡಿದು ನೋಡಿ, ರಟ್ಟು ಎಲ್ಲಿ ಒದ್ದೆ ಆಗ್ತೈತೋ ಅಲ್ಲೇ ತೂತು.